ಹೊಸ ಟೈರ್ ಹಾಕಿದ ಮೇಲೂ ಕ್ವಾಲಿಫೈಯಿಂಗ್‌ನಲ್ಲಿ ಹಿಂದೆ ಬೀಳೋದು ಯಾಕೆ? (ಎಫ್4 ವಾರಾಂತ್ಯ)

ಮೂರನೇತಿರುವು

ಕಾರ್ಟಿಂಗ್ ಮುಗಿಸಿ ಎಫ್4ಗೆ (ಫಾರ್ಮುಲಾ 4, ಒಂಟಿ ಸೀಟಿನ ರೇಸ್ ಕಾರುಗಳ ಮೊದಲ ಮೆಟ್ಟಿಲು) ಬರೋ ಹದಿನೈದು ಹದಿನಾರರ ಮಕ್ಕಳಲ್ಲಿ ಒಂದೇ ಚಾಳಿ ಮತ್ತೆ ಮತ್ತೆ ಕಾಣತ್ತೆ. ಫ್ರೀ ಪ್ರಾಕ್ಟೀಸ್‌ನಲ್ಲಿ ಬಳಸಿದ ಟೈರ್‌ನಲ್ಲಿ ಮುಂದಿನವರಿಂದ 0.3 ಸೆಕೆಂಡ್ ದೂರ. ಕ್ವಾಲಿಫೈಯಿಂಗ್‌ಗೆ (ರೇಸ್‌ನಲ್ಲಿ ಯಾರು ಯಾವ ಸ್ಥಾನದಿಂದ ಹೊರಡ್ತಾರೆ ಅಂತ ನಿರ್ಧರಿಸೋ ಸೆಷನ್) ಹೊಸ ಸೆಟ್ ಹಾಕಿದ ಕೂಡಲೇ ಆ ದೂರ 0.8 ಆಗತ್ತೆ. ಕಾರು ಅದೇ, ಸೆಟಪ್ ಅದೇ. ಎಲ್ಲರೂ ಹೊಸ ಟೈರ್‌ನಿಂದ ಒಂದು ಸೆಕೆಂಡ್ ಗಳಿಸಿದರೆ ಇವರು ಅರ್ಧ ಗಳಿಸ್ತಾರೆ. ಉಳಿದರ್ಧ ಎಲ್ಲಿ ಸೋರಿ ಹೋಗ್ತಿದೆ? ಟೀಮ್‌ನವರು "ಅನುಭವ ಬರಬೇಕು" ಅಂತಾರೆ. ಅದು ಉತ್ತರ ಅಲ್ಲ.

ಒತ್ತಡಮಾಪಕ

ಬಹುಪಾಲು ಔಟ್ ಲ್ಯಾಪ್‌ನಲ್ಲೇ (ಪಿಟ್ ಬಿಟ್ಟ ಮೊದಲ ಸುತ್ತು) ಸೋರಿರತ್ತೆ. ಎಫ್4ನಲ್ಲಿ ಟೈರ್ ಬ್ಲಾಂಕೆಟ್ (ಟೈರ್ ಮೊದಲೇ ಬಿಸಿ ಮಾಡೋ ಹೊದಿಕೆ) ಇಲ್ಲ. ತಣ್ಣಗಿನ ಟೈರ್‌ನಲ್ಲಿ ಪಿಟ್ ಬಿಡಬೇಕು, ಬಿಸಿ ಮಾಡೋ ಕೆಲಸ ಪೂರ್ತಿ ಚಾಲಕನದ್ದು. ಪ್ರಾಕ್ಟೀಸ್‌ನಲ್ಲಿ ಆರೇಳು ಲ್ಯಾಪ್ ಸತತವಾಗಿ ಓಡಿಸೋದ್ರಿಂದ ಬಿಸಿ ತಾನಾಗೇ ಬರತ್ತೆ, ಕೊರತೆ ಗೊತ್ತಾಗಲ್ಲ. ಕ್ವಾಲಿಫೈಯಿಂಗ್‌ನಲ್ಲಿ ಹೊಸ ರಬ್ಬರ್‌ನ ಒಳ್ಳೆ ಹಿಡಿತ ಇರೋದು ಎರಡು ಮೂರು ಲ್ಯಾಪ್ ಮಾತ್ರ. ಆ ಹೊತ್ತಿಗೆ ಟೈರ್ ಒಳಗಿನ ಗಾಳಿ ಇನ್ನೂ ಪೂರ್ತಿ ಬಿಸಿಯಾಗಿರಲ್ಲ.

ಲೆಕ್ಕ ಹಾಕಿ. 20 ಡಿಗ್ರಿಯಲ್ಲಿ 1.20 ಬಾರ್ ಒತ್ತಡ ಹಾಕಿದ್ದೀರಿ. ವಾತಾವರಣದ 1.01 ಸೇರಿಸಿದರೆ 2.21. ಒಳಗಿನ ಗಾಳಿ 70 ಡಿಗ್ರಿ ಮುಟ್ಟಿದಾಗ 2.21 × 343 ÷ 293 (ಡಿಗ್ರಿಗೆ 273 ಸೇರಿಸಿದ ಅಂಕಿಗಳು), ಅಂದರೆ 2.59. ವಾತಾವರಣ ಕಳೆದರೆ ಗೇಜ್‌ನಲ್ಲಿ 1.58. ನಿಮಗೆ ಬೇಕಾದ ಬಿಸಿ ಒತ್ತಡ ಅದೇ ಅಂತಿಟ್ಕೊಳ್ಳಿ. ಆದರೆ ಮೂರನೇ ಲ್ಯಾಪ್‌ನಲ್ಲಿ ಗಾಳಿ 55 ಡಿಗ್ರಿ ಮಾತ್ರ ಮುಟ್ಟಿದ್ದರೆ ಗೇಜ್ ತೋರಿಸೋದು 1.46. ಟೈರ್ ಅತ್ಯುತ್ತಮವಾಗಿರೋ ಲ್ಯಾಪ್‌ನಲ್ಲೇ ಒತ್ತಡ 0.12 ಕಡಿಮೆ. ಸೈಡ್‌ವಾಲ್ ಬಾಗತ್ತೆ, ಸ್ಟಿಯರಿಂಗ್ ತಡವಾಗಿ ಉತ್ತರ ಕೊಡತ್ತೆ, ಚಾಲಕ ಇನ್ನಷ್ಟು ತಿರುಗಿಸ್ತಾನೆ, ಮುಂದಿನ ಟೈರ್ ಜಾರತ್ತೆ.

ಹಾಗಾಗಿ ಕ್ವಾಲಿಫೈಯಿಂಗ್‌ಗೆ ಬೇರೆ ಒತ್ತಡ, ರೇಸ್‌ಗೆ ಬೇರೆ. ಇದೇ ಉದಾಹರಣೆಯಲ್ಲಿ 55 ಡಿಗ್ರಿಗೆ 1.58 ಬೇಕಾದರೆ ತಣ್ಣಗಿರುವಾಗ ಸುಮಾರು 1.30 ಹಾಕಬೇಕು. ಅದನ್ನೇ ರೇಸ್‌ಗೂ ಬಿಟ್ಟರೆ ಗಾಳಿ 80 ಡಿಗ್ರಿ ಮುಟ್ಟುವಾಗ 1.77 ಆಗತ್ತೆ, ಹಿಂಬದಿ ಟೈರ್ ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟತ್ತೆ. ಅಂಕಿಗಳು ಲೆಕ್ಕ ತೋರಿಸೋಕೆ ಮಾತ್ರ. ನಿಜವಾದ ಗುರಿ ನಿಮ್ಮ ಸರಣಿಯ ಟೈರ್ ಕಂಪನಿಯ ಬುಲೆಟಿನ್‌ನಲ್ಲಿರತ್ತೆ. ಒಂದು ಸರಣಿಯ ಪಿರೆಲ್ಲಿ ಟೈರ್‌ಗೆ ಹೊಂದೋದು ಇನ್ನೊಂದರ ಹ್ಯಾಂಕುಕ್‌ಗೆ ಹೊಂದಲ್ಲ. ಕನಿಷ್ಠ ಒತ್ತಡ ಅಂತ ನಿಗದಿ ಮಾಡಿದ್ದರೆ ಅದಕ್ಕಿಂತ ಕೆಳಗೆ ಹೋಗೋ ಮಾತೇ ಇಲ್ಲ.

ಪಾನಾಪೆಟ್ಟಿಗೆ

ಒತ್ತಡಮಾಪಕ ಸರ ಹೇಳಿದ್ದು ಖರೇ. ಆದ್ರ ಲೆಕ್ಕ ಎಷ್ಟು ಚಂದ ಇದ್ರೂ ಗ್ಯಾರೇಜಿನ್ಯಾಗ ಕೆಡಸ್ತಾರ್ರೀ. ನಾಕೂ ಟೈರ್ ನೆಳ್ಳಾಗ ಇರಬೇಕು. ಎಡಗಡೆ ಎರಡು ನೆಳ್ಳಾಗ 25 ಡಿಗ್ರಿ, ಬಲಗಡೆ ಎರಡು ಬಿಸಲಾಗ 35 ಡಿಗ್ರಿ ಅಂತ ತಿಳಕೋರಿ. ನಾಕಕ್ಕೂ ಗೇಜ್ ನೋಡಿ 1.20 ಹಾಕ್ತೀರಿ. ಗೇಜ್ ಸುಳ್ಳು ಹೇಳಲ್ಲ, ಆದ್ರ ಬಲಗಡೆ ಟೈರಿನ್ಯಾಗ ಗಾಳಿನ ಕಡಿಮಿ ಐತಿ. 70 ಡಿಗ್ರಿಗೆ ಎಡಗಡೆ 1.53, ಬಲಗಡೆ 1.45. ಡ್ರೈವರ್ ಬಂದು "ಎಡ ತಿರುವಿನ್ಯಾಗ ಒಂದು ಥರ, ಬಲ ತಿರುವಿನ್ಯಾಗ ಇನ್ನೊಂದು ಥರ" ಅಂತಾನ, ಇಂಜಿನಿಯರ್ ಆ್ಯಂಟಿ ರೋಲ್ ಬಾರ್ (ತಿರುವಿನ್ಯಾಗ ಕಾರು ವಾಲೋದು ತಡಿಯೋ ಸರಳು) ಬಿಚ್ಚಾಕ ಓಡ್ತಾನ.

ಇನ್ನೊಂದು. ಇಡೀ ವಾರಾಂತ್ಯಕ್ಕ ಒಂದ ಗೇಜ್. ಪಕ್ಕದ ಟೀಮಿಂದು ಇಸಕೊಂಡು ನೋಡಬ್ಯಾಡ್ರಿ. ಎರಡು ಗೇಜ್ ನಡುವ 0.03 ಫರಕ್ ಇರೋದು ಮಾಮೂಲಿ. ಟೈರ್ ತುಂಬೋ ಗಾಳಿ ಒಣಗಿರಬೇಕು. ಕಂಪ್ರೆಸರ್ ತೊಟ್ಟಿಯ ನೀರು ಬಸಿಯದ ತುಂಬಿದ್ರ ಒಳಗ ಹಬಿ ಆಗಿ ಒತ್ತಡ ಲೆಕ್ಕಕ್ಕಿಂತ ಮ್ಯಾಲ ಹೋಗ್ತದ. ನೈಟ್ರೋಜನ್ ಹಾಕೋದು ಅದು ಒಣಾ ಇರ್ತದ ಅಂತ, ಅದರಾಗ ಬ್ಯಾರೆ ಜಾದೂ ಏನಿಲ್ಲ. ಬಿಸಿ ಒತ್ತಡ ನೋಡೋದು ಕಾರು ನಿಂತ ಕೂಡ್ಲೇ. ಎರಡು ನಿಮಿಷ ಬಿಟ್ಟು ನೋಡಿದ್ರ ಬರಕೊಂಡಿದ್ದು ಕಸ.

ಡೇಟಾಕೋಣೆ

ಒತ್ತಡ ಸರಿ ಇದ್ದರೂ ಅರ್ಧ ಸೆಕೆಂಡ್ ಕಳೆಯೋಕೆ ಇನ್ನೊಂದು ದಾರಿ ಇದೆ: ಹೊಸ ಟೈರ್ ಕೊಟ್ಟಿರೋ ಹಿಡಿತವನ್ನ ಚಾಲಕ ಬಳಸೋದೇ ಇಲ್ಲ. ಡೇಟಾದಲ್ಲಿ ಇದು ಸ್ಪಷ್ಟವಾಗಿ ಕಾಣತ್ತೆ. ಬಳಸಿದ ಟೈರ್‌ನ ಉತ್ತಮ ಲ್ಯಾಪ್, ಹೊಸ ಟೈರ್‌ನ ಉತ್ತಮ ಲ್ಯಾಪ್ ಎರಡನ್ನೂ ಒಂದರ ಮೇಲೊಂದು ಇಡಿ. ಮೊದಲು ಬ್ರೇಕ್ ಒತ್ತಡದ ಗೆರೆ ನೋಡಿ. ಈ ಕಾರಿನ ಬ್ರೇಕ್‌ಗೆ ಸರ್ವೋ (ಒತ್ತೋ ಬಲ ಹೆಚ್ಚಿಸೋ ಸಾಧನ) ಇಲ್ಲ, ಕಾಲಿನ ಬಲವೇ ಎಲ್ಲ. ಗೆರೆಯ ತುದಿ ಎರಡರಲ್ಲೂ ಒಂದೇ ಎತ್ತರ ಇದ್ದರೆ ಅವನು ಹಳೇ ಟೈರ್‌ಗೆ ತಕ್ಕಂತೆ ಒತ್ತುತ್ತಿದ್ದಾನೆ. ಹಿಡಿತ ಹೆಚ್ಚಾದಾಗ ಮೊದಲ ಒತ್ತು ಹೆಚ್ಚಾಗಬೇಕು, ಬ್ರೇಕ್ ಹಿಡಿಯೋ ಜಾಗ ಕೆಲವು ಮೀಟರ್ ಮುಂದಕ್ಕೆ ಹೋಗಬೇಕು.

ಆಮೇಲೆ ವೇಗದ ತಿರುವಿನ ಕನಿಷ್ಠ ವೇಗ. ನಿಧಾನದ ತಿರುವಿನಲ್ಲಿ ಹೊಸ ಟೈರ್‌ನ ಲಾಭ ಎಲ್ಲರೂ ಪಡೀತಾರೆ, ಅಲ್ಲಿ ಹೆದರಿಕೆ ಇಲ್ಲ. ಮೂರನೇ ನಾಲ್ಕನೇ ಗೇರ್ ತಿರುವಿನಲ್ಲಿ ಗಂಟೆಗೆ 3–4 ಕಿ.ಮೀ. ಹೆಚ್ಚು ಇಟ್ಕೊಂಡು ಒಳಗೆ ಹೋಗೋಕೆ ನಂಬಿಕೆ ಬೇಕು. ಅಲ್ಲೇ ಹೆಚ್ಚಿನ ಸಮಯ ಅಡಗಿರೋದು.

ಮೂರನೇದು ಥ್ರಾಟಲ್. ಅಬಾರ್ತ್ 1.4 ಟರ್ಬೊ ಇರೋ ಟಟೂಸ್ ಟಿ-421ನಂಥ ಎಫ್4 ಕಾರಿನಲ್ಲಿ ಪೆಡಲ್ ಒತ್ತಿದ ಮರುಕ್ಷಣ ಬಲ ಬರಲ್ಲ. ಕಾರ್ಟ್‌ನ ಅಭ್ಯಾಸದಲ್ಲಿ ತಿರುವಿನ ನಡುವೆ ಚೂರು ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಾರೆ. ಪ್ರತಿ ಸಲ ಬಿಟ್ಟಾಗಲೂ ಬೂಸ್ಟ್ (ಟರ್ಬೊ ಇಂಜಿನ್‌ಗೆ ತುಂಬೋ ಗಾಳಿಯ ಒತ್ತಡ) ಇಳಿಯತ್ತೆ. ಗೆರೆ ಗರಗಸದ ಹಲ್ಲಿನಂತಿದ್ದರೆ ಅದನ್ನ ತಿದ್ದಿ. ತಡವಾಗಿಯಾದರೂ ಒಂದೇ ಸಲ ಒತ್ತಿ ಹಿಡಿಯೋದು ಮೇಲು.

ಎರಡು ಸೆಷನ್ ನಡುವೆ ಹುಡುಗನಿಗೆ ಮೂರು ತಿರುವಿಗಿಂತ ಹೆಚ್ಚು ತೋರಿಸಬೇಡಿ. ಇಪ್ಪತ್ತು ಗೆರೆ ತೋರಿಸಿದರೆ ಒಂದೂ ನೆನಪಿರಲ್ಲ.

ಮೂರನೇತಿರುವು

ಔಟ್ ಲ್ಯಾಪ್ ಬಗ್ಗೆ ಇನ್ನೂ ಬಿಡಿಸಿ ಹೇಳಿ. ಅಂಕುಡೊಂಕಾಗಿ ಓಡಿಸೋದು ಮುಖ್ಯವೋ, ಬ್ರೇಕೋ?

ಒತ್ತಡಮಾಪಕ

ಬ್ರೇಕ್. ಡಿಸ್ಕ್ ಬಿಸಿಯಾದರೆ ಶಾಖ ರಿಮ್‌ಗೆ, ರಿಮ್‌ನಿಂದ ಒಳಗಿನ ಗಾಳಿಗೆ ಹೋಗತ್ತೆ, ಒತ್ತಡ ಏರತ್ತೆ. ಅಂಕುಡೊಂಕು ಮುಂದಿನ ಟೈರ್‌ನ ಮೇಲ್ಮೈಗೆ ಸ್ವಲ್ಪ ಬಿಸಿ ಕೊಡತ್ತೆ, ಹಿಂದಿನದಕ್ಕೆ ಹೆಚ್ಚೇನೂ ಇಲ್ಲ. ಹಿಂದಿನ ಟೈರ್ ಬಿಸಿಯಾಗೋದು ಎರಡನೇ ಗೇರ್‌ನಿಂದ ಗಟ್ಟಿಯಾಗಿ ವೇಗ ಹೆಚ್ಚಿಸಿದಾಗ. ನೇರ ದಾರಿಯಲ್ಲಿ ವೇಗ ಹೆಚ್ಚಿಸಿ, ಹಿಂದೆ ಯಾರೂ ಹತ್ತಿರ ಇಲ್ಲ ಅಂತ ಕನ್ನಡಿ ನೋಡಿ, ಗಟ್ಟಿಯಾಗಿ ಬ್ರೇಕ್, ಮತ್ತೆ ವೇಗ. ಎಡಗಾಲು ಬ್ರೇಕ್ ಮೇಲಿಟ್ಟು ಬಲಗಾಲಲ್ಲಿ ಥ್ರಾಟಲ್ ಹಿಡಿದು ಎಳೆಯೋರೂ ಇದ್ದಾರೆ. ಅದು ಕೆಲಸ ಮಾಡತ್ತೆ, ಆದರೆ ಲ್ಯಾಪ್ ಪೂರ್ತಿ ಹಾಗೆ ಮಾಡಿದರೆ ಪ್ಯಾಡ್ ಗಾಜಿನಂತೆ ನುಣುಪಾಗಿ ಮೊದಲ ತಿರುವಿಗೇ ಹಿಡಿಯಲ್ಲ.

ತಣ್ಣಗಿನ ಟೈರ್‌ನಲ್ಲಿ ತಿರುವಿಗೆ ಜೋರಾಗಿ ಎಸೆಯೋದು ದೊಡ್ಡ ತಪ್ಪು. ಒಳಗಿನ ರಬ್ಬರ್ ಗಟ್ಟಿ, ಮೇಲ್ಪದರ ಮಾತ್ರ ಜಾರಿ ಹರಿಯತ್ತೆ, ಸಣ್ಣ ಸಣ್ಣ ಉಂಡೆಯಾಗಿ ಮೇಲ್ಮೈಗೇ ಅಂಟ್ಕೊಳ್ಳತ್ತೆ. ಇದೇ ಗ್ರೇನಿಂಗ್. ಪಿಟ್‌ಗೆ ಬಂದಾಗ ಮುಂದಿನ ಟೈರ್ ಮೇಲೆ ಕೈಯಾಡಿಸಿದರೆ ಮರಳು ಕಾಗದದಂತೆ ತಾಕತ್ತೆ. ಒಂದು ಸಲ ಆದರೆ ಆ ಸೆಟ್‌ನ ಉತ್ತಮ ಲ್ಯಾಪ್ ಹೋಯ್ತು ಅಂತಲೇ ಲೆಕ್ಕ.

ಹಳದಿಬಾವುಟ

ಸಮಯದ ಲೆಕ್ಕವನ್ನೂ ಸೇರಿಸ್ತೀನಿ, ಇದನ್ನ ಬಹಳ ಜನ ಬರೆದಿಟ್ಕೊಳ್ಳೋದೇ ಇಲ್ಲ. 15 ನಿಮಿಷದ ಕ್ವಾಲಿಫೈಯಿಂಗ್, 1:40ರ ಲ್ಯಾಪ್ ಅಂತಿಟ್ಕೊಳ್ಳಿ. ಔಟ್ ಲ್ಯಾಪ್ 2:00, ತಯಾರಿ ಲ್ಯಾಪ್ 1:46, ಎರಡು ಪುಷ್ (ಪೂರ್ತಿ ವೇಗದ) ಲ್ಯಾಪ್. ಗಡಿಯಾರ 7:06. ತಣಿಸೋ ಲ್ಯಾಪ್ 2:10, ಒಂದು ಪುಷ್, ಮತ್ತೆ ತಣಿಸೋ ಲ್ಯಾಪ್. 13:06. ಒಂದು ಪುಷ್ ಮುಗಿಸಿದಾಗ 14:46, ಸೆಷನ್ ಮುಗಿಸೋ ಚೆಕರ್ಡ್ ಬಾವುಟಕ್ಕೆ ಇನ್ನೂ 14 ಸೆಕೆಂಡ್ ಇದೆ, ಗೆರೆ ದಾಟಿದ್ದರಿಂದ ಇನ್ನೊಂದು ಪುಷ್ ಲೆಕ್ಕಕ್ಕೆ ಬರತ್ತೆ. ಟ್ರ್ಯಾಕ್‌ಗೆ ರಬ್ಬರ್ ಅಂಟಿ ವೇಗ ಹೆಚ್ಚಿರೋದೂ ಆಗಲೇ. ಈಗ ಪಿಟ್ ಬಾಗಿಲಲ್ಲಿ ಸಾಲು ನಿಂತು 30 ಸೆಕೆಂಡ್ ತಡವಾಯ್ತು ಅನ್ನಿ. 14:46 ಇದ್ದದ್ದು 15:16 ಆಯ್ತು, ಕೊನೇ ಲ್ಯಾಪ್ ಇಲ್ಲವೇ ಇಲ್ಲ. ಹಾಗಾದಾಗ ತಣಿಸೋ ಲ್ಯಾಪ್ ಒಂದನ್ನ ಕೈಬಿಡಬೇಕು. ಅದನ್ನ ರೇಡಿಯೋದಲ್ಲಿ ಯಾರು ಹೇಳ್ತಾರೆ, ರೇಡಿಯೋಗೆ ಅನುಮತಿ ಇಲ್ಲದ ಕಡೆ ಪಿಟ್ ಬೋರ್ಡ್‌ನಲ್ಲಿ ಏನು ಬರೀತಾರೆ ಅನ್ನೋದು ಮೊದಲೇ ನಿಕ್ಕಿ ಆಗಿರಬೇಕು.

ಲ್ಯಾಪ್ ರದ್ದಾಗೋದರ ಬಗ್ಗೆ: ನಾಲ್ಕೂ ಚಕ್ರ ಬಿಳಿ ಗೆರೆ ದಾಟಿದರೆ ಆ ಲ್ಯಾಪ್ ಹೋಯ್ತು. ಬಣ್ಣದ ಕರ್ಬ್ (ತಿರುವಿನ ಅಂಚುಕಟ್ಟೆ) ಟ್ರ್ಯಾಕ್‌ನ ಭಾಗ ಅಲ್ಲ, ಗೆರೆಯೇ ಗಡಿ. ಎರಡು ಹಳದಿ ಬಾವುಟ ಬೀಸ್ತಿದ್ದರೆ ಗಣನೀಯವಾಗಿ ನಿಧಾನಿಸಬೇಕು, ನಿಲ್ಲೋಕೆ ಸಿದ್ಧ ಇರಬೇಕು. ಕ್ವಾಲಿಫೈಯಿಂಗ್‌ನಲ್ಲಿ ಆ ಲ್ಯಾಪ್ ಕೈಬಿಟ್ಟಿದ್ದು ಎದ್ದು ಕಾಣಬೇಕು. "ಸ್ವಲ್ಪ ಥ್ರಾಟಲ್ ಬಿಟ್ಟೆ" ಅಂದರೆ ಸ್ಟೀವರ್ಡ್‌ಗಳು (ರೇಸ್‌ನ ತೀರ್ಪುಗಾರರು) ಕೇಳಲ್ಲ, ಡೇಟಾ ತರಿಸಿ ಟ್ರ್ಯಾಕ್‌ನ ಆ ತುಣುಕಿನ (ಮಿನಿ ಸೆಕ್ಟರ್) ಸಮಯ ನೋಡ್ತಾರೆ. ಸಿಗೋ ಶಿಕ್ಷೆ ಗ್ರಿಡ್‌ನಲ್ಲಿ ಹಿಂದೆ. ಒಂದು ಲ್ಯಾಪ್ ಬಿಟ್ಟಿದ್ದರೆ ಅಷ್ಟು ನಷ್ಟ ಆಗ್ತಿರಲಿಲ್ಲ.

ಐದುಕೆಂಪು

ಟೋ (ಮುಂದಿನ ಕಾರಿನ ಬೆನ್ನಿಗೆ ಸಿಗೋ ಎಳೆತ) ಬಗ್ಗೆ ಯಾರೂ ಮಾತಾಡಿಲ್ಲ. ಉದ್ದ ನೇರ ದಾರಿ ಇರೋ ಟ್ರ್ಯಾಕ್‌ನಲ್ಲಿ ಮುಂದಿನ ಕಾರಿನ ಗಾಳಿ ಮರೆ ಸಿಕ್ಕವನೇ ಪೋಲ್ (ಗ್ರಿಡ್‌ನ ಮೊದಲ ಸ್ಥಾನ). ಅದು ಸಿಗದವರು ಹಿಂದೆ. ಅರ್ಧ ಸೆಕೆಂಡ್‌ನ ರಹಸ್ಯ ಅಲ್ಲೇ ಇದೆ ಗುರು.

ಡೇಟಾಕೋಣೆ

ಅರ್ಧ ಒಪ್ಪುತ್ತೀನಿ. ನೇರ ದಾರಿಯಲ್ಲಿ ಗಳಿಸಿದ್ದನ್ನ ವೇಗದ ತಿರುವಿನಲ್ಲಿ ವಾಪಸ್ ಕೊಡ್ತೀರಿ, ಮುಂದಿನ ಕಾರಿನ ಕಲಕಿದ ಗಾಳಿಯಲ್ಲಿ ನಿಮ್ಮ ಮುಂದಿನ ರೆಕ್ಕೆಗೆ ಒತ್ತು ಸಿಗಲ್ಲ. ಮೊಂಜಾದಲ್ಲಿ ಟೋ ಹುಡುಕಬೇಕು. ಬರೀ ತಿರುವುಗಳ ಟ್ರ್ಯಾಕ್‌ನಲ್ಲಿ ನಾಲ್ಕೈದು ಸೆಕೆಂಡ್ ಖಾಲಿ ಜಾಗವೇ ಬೆಲೆಬಾಳೋದು. ಜೊತೆಗೆ ಟೋಗಾಗಿ ಕಾಯ್ತಾ ನಿಧಾನಿಸಿದಾಗ ಟೈರ್ ತಣ್ಣಗಾಗತ್ತೆ, ಮತ್ತೆ ಮೊದಲ ಸಮಸ್ಯೆಗೇ ಬಂದ್ವಿ. ಹೊಸಬರಿಗೆ ನನ್ನ ಸಲಹೆ: ಟೋ ಮರೆತುಬಿಡಿ, ಜಾಗ ಹುಡುಕಿ.

ಐದುಕೆಂಪು

ಹೊಸಬರಿಗೆ ಅಂತ ಹೇಳಿದ್ದಕ್ಕೆ ಒಪ್ಪಿದೆ. ಎರಡನೇ ವರ್ಷದವರಿಗೆ ಒಪ್ಪಲ್ಲ.

ಪಾನಾಪೆಟ್ಟಿಗೆ

ಕಾರು ಪ್ರಾಕ್ಟೀಸ್ನ್ಯಾಗ ಇದ್ದಂಗ ಕ್ವಾಲಿಫೈಯಿಂಗ್‌ಗೂ ಐತಿ ಅಂತ ಮೂರನೇತಿರುವು ಸರ ಬರದಾರ. ಅಳದು ನೋಡೀರೇನು? ಪ್ರಾಕ್ಟೀಸ್ನ್ಯಾಗ ಒಂದು ಕರ್ಬ್ ಜೋರ್ ಹೊಡದಿದ್ರ ಚಕ್ರದ ಟೋ (ಮ್ಯಾಲಿಂದ ನೋಡಿದ್ರ ಚಕ್ರ ಒಳಗೋ ಹೊರಗೋ ತಿರುಗಿದ ಕೋನ, ಗಾಳಿ ಮರಿ ಟೋ ಅಲ್ಲ) ಸರದಿರ್ತದ. ಸ್ಟಿಯರಿಂಗ್ ನೆಟ್ಟಗ ಹಿಡದ್ರ ಕಾರು ಒಂದ ಕಡೆ ಎಳೀತದ, ಹುಡುಗುರು ಅದಕ್ಕ ಒಗ್ಗಿಕೊಂಡು ಹೇಳಂಗಿಲ್ಲ.

ಸೆಟಪ್ ಫ್ಲೋರ್ ಮ್ಯಾಲ ನಿಂದ್ರಿಸಿ ನಾಕೂ ಮೂಲಿ ತೂಕ ನೋಡ್ರಿ. ಡ್ರೈವರ್ ತೂಕದಷ್ಟು ಭಾರ ಸೀಟಿನ್ಯಾಗ, ಟೈರ್ ಒತ್ತಡ ಸರಿ, ಆ್ಯಂಟಿ ರೋಲ್ ಬಾರಿನ ಕೊಂಡಿ ಬಿಚ್ಚಿರಬೇಕು. ಮುಂದ ಎಡ 134, ಮುಂದ ಬಲ 124, ಹಿಂದ ಎಡ 176, ಹಿಂದ ಬಲ 190 ಬಂತು ಅನ್ರಿ. ಒಟ್ಟು 624 ಕೆಜಿ. ಮುಂದ ಬಲ, ಹಿಂದ ಎಡ ಕೂಡಿಸಿದ್ರ 300, ಅಂದ್ರ 48.1%. 50ಕ್ಕ ತರಬೇಕು. ಮುಂದ ಬಲ, ಹಿಂದ ಎಡ ಪುಶ್‌ರಾಡ್ (ಚಕ್ರದ ಕಡಿಂದ ಸ್ಪ್ರಿಂಗ್ ಕಡೆ ಹೋಗೋ ಸರಳು) ಚೂರು ಉದ್ದ, ಉಳದೆರಡು ಅಷ್ಟ ಗಿಡ್ಡ. ನಾಕರಾಗೂ ಮಾಡಿದ್ರ ಎತ್ತರ ಹಂಗ ಉಳೀತದ. ಒಂದರಾಗ ಪೂರ್ತಿ ತಿರುವಿದ್ರ ಎತ್ತರ ಕೆಟ್ಟು, ಎತ್ತರದ ಸಂಗಡ ಕ್ಯಾಂಬರ್ (ಮುಂದಿಂದ ನೋಡಿದ್ರ ಚಕ್ರ ವಾಲಿದ ಕೋನ), ಟೋನೂ ಕೆಡ್ತಾವ. ಅದಕ್ಕ ಕ್ರಮ ಹಿಂಗ: ಒತ್ತಡ, ಎತ್ತರ, ಮೂಲಿ ತೂಕ, ಕ್ಯಾಂಬರ್, ಕಡೀಕ ಟೋ. ಉಲ್ಟಾ ಮಾಡಿದ್ರ ರಾತ್ರಿಪೂರಾ ಅದ ಕೆಲಸ.

ಹೊಸ ಟೈರಿಗೆ ಕಾರು ಸಾಮಾನ್ಯವಾಗಿ ಅಂಡರ್‌ಸ್ಟಿಯರ್ (ಸ್ಟಿಯರಿಂಗ್ ತಿರುವಿದಷ್ಟು ಮೂತಿ ತಿರುಗಂಗಿಲ್ಲ) ಕಡೆ ಹೋಗ್ತದ, ಹಿಂದಿನ ಟೈರ್ ಹಿಡಿತ ಜಾಸ್ತಿ ಗಳಸ್ತದ. ಮುಂದಿನ ರೆಕ್ಕಿ ಅರ್ಧ ಡಿಗ್ರಿ ಏರಸ್ರಿ, ಎಡ ಬಲ ಎರಡೂ ಇನ್‌ಕ್ಲೈನೋಮೀಟರ್ (ಕೋನ ಅಳಿಯೋದು) ಇಟ್ಟು. ಬದಲಿ ಮೂತಿಗೂ ಅಷ್ಟ ಡಿಗ್ರಿ ಹಾಕಿಟ್ಟಿರಬೇಕು. ಗ್ರಿಡ್ಡಿನ್ಯಾಗ ಮೂತಿ ಬದಲಿಸಿ ರೆಕ್ಕಿ ಬ್ಯಾರೆ ಕೋನದಾಗ ಇದ್ರ ಮೊದಲ ತಿರುವಿನ್ಯಾಗ ಗೊತ್ತಾಗ್ತದ.

ಹಳದಿಬಾವುಟ

ಇದಕ್ಕೆ ಸೇರಿಸಬೇಕಾದ್ದು: ಕ್ವಾಲಿಫೈಯಿಂಗ್ ಮುಗಿದ ಕೂಡಲೇ ಕಾರು ಪಾರ್ಕ್ ಫರ್ಮೆಗೆ ಹೋಗತ್ತೆ. ಅಧಿಕಾರಿ ಹೇಳೋವರೆಗೆ ಯಾರೂ ಮುಟ್ಟೋ ಹಾಗಿಲ್ಲ, ಟೈರ್ ಒತ್ತಡ ನೋಡೋಕೂ ಅನುಮತಿ ಬೇಕು. ತೂಕ, ಎತ್ತರ, ರೆಕ್ಕೆ, ಇಂಜಿನ್ ಸೀಲ್, ಟೈರ್ ಬಾರ್‌ಕೋಡ್ ಪರಿಶೀಲನೆ ಆಗತ್ತೆ, ಇಂಧನದ ಮಾದರಿ ಕೇಳಬಹುದು. ಕನಿಷ್ಠ ತೂಕ ಚಾಲಕನನ್ನೂ ಸೇರಿಸಿ. ಬೆಳೆಯೋ ವಯಸ್ಸಿನ ಮಕ್ಕಳು ಋತುವಿನ ನಡುವೆ ತೂಕ ಏರಿರ್ತಾರೆ, ಅಂತ ಟೀಮ್‌ನವರು ಬ್ಯಾಲಾಸ್ಟ್ (ಕನಿಷ್ಠ ತೂಕ ಮುಟ್ಟಿಸೋಕೆ ಕಾರಿಗೆ ಹಾಕಿದ ಭಾರ) ತೆಗೀತಾರೆ. ಆಮೇಲೆ ಬಿಸಿಲಲ್ಲಿ ಬೆವರಿ, ಇಂಧನ ಖಾಲಿಯಾಗಿ, ಟೈರ್ ಸವೆದು ಕಾರು ಒಂದೆರಡು ಕೆಜಿ ಕಡಿಮೆ ತೂಗತ್ತೆ. ಅದಕ್ಕೆ ಕ್ಷಮೆ ಇಲ್ಲ, ಸಮಯ ಪೂರ್ತಿ ರದ್ದು. ಎರಡು ಮೂರು ಕೆಜಿ ಹೆಚ್ಚೇ ಇಟ್ಟು ಹೋಗಿ.

ಸ್ಕ್ರೂಟಿನಿಯಲ್ಲಿ (ಅಧಿಕಾರಿಗಳ ತಪಾಸಣೆ) ಸಾಮಾನ್ಯವಾಗಿ ಸಿಕ್ಕಿಬೀಳೋದು ಚಾಲಕನ ಸಾಮಾನು. ಹೆಲ್ಮೆಟ್, ಹ್ಯಾನ್ಸ್ (ಕುತ್ತಿಗೆ ಕಾಯೋ ಸಾಧನ, ಮಾನದಂಡ 8858), ಓವರಾಲ್ (ಮಾನದಂಡ 8856) ಎಲ್ಲದರ ಎಫ್‌ಐಎ (ಜಾಗತಿಕ ಮೋಟಾರ್‌ಸ್ಪೋರ್ಟ್ ಸಂಸ್ಥೆ) ಲೇಬಲ್ ಓದೋ ಸ್ಥಿತಿಯಲ್ಲಿರಬೇಕು. ಬೆಲ್ಟ್‌ನ ಅವಧಿ ಲೇಬಲ್ ಮೇಲೆ ಇರತ್ತೆ, ಋತುವಿನ ನಡುವೆ ಮುಗಿಯತ್ತಾ ನೋಡ್ಕೊಳ್ಳಿ. ಕಿವಿಯೋಲೆ, ಸರ ಗುರುವಾರವೇ ತೆಗೆದಿಡಿ.

ಐದುಕೆಂಪು

ಶನಿವಾರ ಹಿಂದೆ ನಿಂತರೆ ಎಲ್ಲ ಮುಗೀತು ಅಂತಲ್ಲ. ಸ್ಟಾರ್ಟ್‌ನಲ್ಲಿ ಎರಡು ಮೂರು ಸ್ಥಾನ ಸಿಗತ್ತೆ. ಫಾರ್ಮೇಶನ್ ಲ್ಯಾಪ್‌ನ (ಸ್ಟಾರ್ಟ್‌ಗೆ ಮುಂಚಿನ ಸುತ್ತು) ಕೊನೇಲಿ ಹಿಂದಿನ ಟೈರ್ ಬಿಸಿ ಇರಬೇಕು, ಕ್ಲಚ್ ಸುಟ್ಟಿರಬಾರದು. ಹೆಚ್ಚು ಸಲ ಬರ್ನೌಟ್ (ಹಿಂದಿನ ಚಕ್ರ ಗಿರಗಿರ ತಿರುಗಿಸಿ ಬಿಸಿ ಮಾಡೋದು) ಮಾಡಿದರೆ ಕ್ಲಚ್ ಕಚ್ಚೋ ಜಾಗ ಬದಲಾಗತ್ತೆ, ಕೆಂಪು ದೀಪ ಆರಿದಾಗ ನಿನ್ನೆ ಅಭ್ಯಾಸ ಮಾಡಿದ ಜಾಗದಲ್ಲಿ ಕಚ್ಚಲ್ಲ. ಟರ್ಬೊ ಕಾರಿನಲ್ಲಿ ಆರ್‌ಪಿಎಂ ತೀರಾ ಕಡಿಮೆ ಇದ್ದರೆ ಇಂಜಿನ್ ಮುಗ್ಗರಿಸತ್ತೆ, ಹೆಚ್ಚಿದ್ದರೆ ಬೂಸ್ಟ್ ಬಂದ ಕೂಡಲೇ ಚಕ್ರ ಗಿರಗಿರ. ಶುಕ್ರವಾರ ಪ್ರತಿ ಸೆಷನ್ ಕೊನೇಲಿ ಅನುಮತಿ ಇರೋ ಜಾಗದಲ್ಲಿ ಒಂದೊಂದು ಸ್ಟಾರ್ಟ್ ಮಾಡಿಸಿ. ಡೇಟಾದಲ್ಲಿ ನೋಡಬೇಕಾದ್ದು ಹಿಂದಿನ ಮತ್ತು ಮುಂದಿನ ಚಕ್ರ ವೇಗದ ಅಂತರ.

ಮೊದಲ ಲ್ಯಾಪ್‌ನಲ್ಲಿ ಮೂತಿ ಮುರಿದ್ಕೊಂಡರೆ ಅಲ್ಲಿಗೆ ಸಾಕು. ಇಟಲಿಯಲ್ಲಿ 30 ನಿಮಿಷ ಮತ್ತು ಒಂದು ಲ್ಯಾಪ್, ಬ್ರಿಟಿಷ್ ಎಫ್4ನಲ್ಲಿ ಇನ್ನೂ ಚಿಕ್ಕ ರೇಸ್. ಪಿಟ್‌ಗೆ ಬಂದು ಹೋದರೆ ಎಲ್ಲರನ್ನೂ ನಿಧಾನಿಸಿ ಒಟ್ಟುಗೂಡಿಸೋ ಸೇಫ್ಟಿ ಕಾರ್ ಬಾರದ ಹೊರತು ಅಂಕ ಇಲ್ಲ. ಬ್ರಿಟಿಷ್ ಸರಣಿಯಂಥ ರಿವರ್ಸ್ ಗ್ರಿಡ್ (ಮುಂದಿನವರನ್ನ ಹಿಂದೆ ನಿಲ್ಲಿಸೋ ಕ್ರಮ) ಇರೋ ಕಡೆ ಒಂದು ರೇಸ್ ಹಾಳಾದರೂ ವಾರಾಂತ್ಯದಲ್ಲಿ ಏನಾದರೂ ಉಳಿದಿರತ್ತೆ.

ಮೂರನೇತಿರುವು

ಮಳೆ ಬಂದರೆ ಈ ಒತ್ತಡದ ಲೆಕ್ಕ ಎಲ್ಲ ತಲೆಕೆಳಗಾ?

ಒತ್ತಡಮಾಪಕ

ಲೆಕ್ಕ ಅದೇ, ಅಂಕಿ ಬೇರೆ. ವೆಟ್ ಟೈರ್ ಅಷ್ಟು ಬಿಸಿಯಾಗಲ್ಲ, ಹಾಗಾಗಿ ತಣ್ಣಗಿರುವಾಗಲೇ ಒತ್ತಡ ಹೆಚ್ಚು. ಒತ್ತಡ ಕಡಿಮೆ ಇದ್ದರೆ ಟ್ರೆಡ್‌ನ ಕಾಲುವೆ ಮುಚ್ಕೊಂಡು ನೀರು ಹೊರಗೆ ಹೋಗಲ್ಲ. ಕಾರಿನ ಎತ್ತರ ಚೂರು ಏರಿಸಿ, ಆ್ಯಂಟಿ ರೋಲ್ ಬಾರ್ ಮೆದು ಮಾಡಿ, ರೆಕ್ಕೆ ಹೆಚ್ಚು. ಬ್ರೇಕ್ ಬಯಾಸ್ (ಮುಂದೆ ಹಿಂದೆ ಬ್ರೇಕ್ ಬಲದ ಹಂಚಿಕೆ) ಹಿಂದಕ್ಕೆ, ಯಾಕಂದ್ರೆ ಬ್ರೇಕ್ ಬಲ ಕಡಿಮೆಯಾದಾಗ ಮುಂದಕ್ಕೆ ಸರಿಯೋ ಭಾರವೂ ಕಡಿಮೆ. ಹಿಂದಿನ ಕೆಂಪು ದೀಪ ಉರೀತಿದೆಯಾ ನೋಡದೆ ಬಿಡಬೇಡಿ.

ಟ್ರ್ಯಾಕ್ ಒಣಗ್ತಾ ಬಂದಾಗ ನೇರ ದಾರಿಯಲ್ಲಿ ನೀರು ಉಳಿದಿರೋ ಕಡೆ ಓಡಿಸಿ ವೆಟ್ ಟೈರ್ ತಣಿಸಬೇಕು. ಮಳೆಯಲ್ಲಿ ಒಣ ದಿನದ ಗೆರೆ ಬಿಟ್ಟು ಹೊರಗೆ ಹೋಗೋದು ಎಲ್ಲರಿಗೂ ಗೊತ್ತು, ಕಾರ್ಟಿಂಗ್‌ನವರಿಗೆ ಇನ್ನೂ ಚೆನ್ನಾಗಿ ಗೊತ್ತು. ಹಾಗಾಗಿ ಮಳೆಯಲ್ಲಿ ಹೊಸಬರು ಮುಂದೆ ಬರೋದು ಅಚ್ಚರಿ ಅಲ್ಲ.

ಕಾಗದಪತ್ರ

ಪೋಷಕರಿಗೊಂದು ಮಾತು. ಟೀಮ್ ಜೊತೆ ಒಪ್ಪಂದ ಮಾಡೋ ಮೊದಲು ಹೊಸ ಟೈರ್ ಸೆಟ್ ಎಷ್ಟು, ಅಪಘಾತದ ರಿಪೇರಿ ಯಾರ ಲೆಕ್ಕ, ಒಬ್ಬ ಇಂಜಿನಿಯರ್ ಎಷ್ಟು ಕಾರು ನೋಡ್ತಾನೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಬಹುತೇಕ ಒಪ್ಪಂದಗಳಲ್ಲಿ ರಿಪೇರಿ ಹೊರಗೇ ಇರತ್ತೆ. ಸೂಪರ್ ಲೈಸೆನ್ಸ್ (ಎಫ್1 ಓಡಿಸೋಕೆ ಬೇಕಾದ ಪರವಾನಗಿ) ಅಂಕ ತೋರಿಸಿ ಆಸೆ ಹುಟ್ಟಿಸ್ತಾರೆ: ಎಫ್‌ಐಎ ಮಾನ್ಯತೆಯ ಎಫ್4 ಗೆದ್ದವನಿಗೆ ಸಿಗೋದು 12, ಬೇಕಾದ್ದು 40.

ಫಲಿತಾಂಶದ ವಿರುದ್ಧ ಪ್ರೊಟೆಸ್ಟ್ ಕೊಡೋಕೆ ಪಟ್ಟಿ ಪ್ರಕಟವಾದ ಮೇಲೆ 30 ನಿಮಿಷ ಮಾತ್ರ. ಸ್ಟೀವರ್ಡ್ ತೀರ್ಪಿನ ಮೇಲೆ ಅಪೀಲ್ ಉದ್ದೇಶ ತಿಳಿಸೋಕೆ ಒಂದು ಗಂಟೆ. ಟ್ರಾನ್ಸ್‌ಪೋರ್ಟರ್‌ನಲ್ಲಿ ಕೂತು ಬೇಸರ ಮಾಡ್ಕೊಳ್ಳೋಷ್ಟರಲ್ಲಿ ಸಮಯ ಮುಗಿದಿರತ್ತೆ.

ಮೂರನೇತಿರುವು

ಎಲ್ಲರಿಗೂ ಧನ್ಯವಾದ. ಹೊಸ ಸೆಟ್ ಪ್ರಾಕ್ಟೀಸ್‌ನಲ್ಲಿ ಬಳಸೋಕೆ ಸಿಗಲ್ಲ. ಹಾಗಾದರೆ ಔಟ್ ಲ್ಯಾಪ್ ಅಭ್ಯಾಸ ಎಲ್ಲಿ ಮಾಡಿಸೋದು?

ಡೇಟಾಕೋಣೆ

ಹಳೇ ಸೆಟ್‌ನಲ್ಲೇ ಆಗತ್ತೆ. ಶುಕ್ರವಾರದ ಎರಡನೇ ಪ್ರಾಕ್ಟೀಸ್‌ನಲ್ಲಿ ಸತತ ಓಟ ಬಿಟ್ಟು ಎರಡು ಕಂತು ಮಾಡಿ. ಪ್ರತಿ ಕಂತೂ ತಣ್ಣಗಿನ ಟೈರ್‌ನಿಂದ: ಔಟ್, ತಯಾರಿ, ಎರಡು ಪುಷ್, ಒಳಗೆ. ನಡುವೆ ಎರಡನೇ ಬಳಸಿದ ಸೆಟ್‌ಗೆ ಬದಲಿಸಿ, ಇಲ್ಲದಿದ್ದರೆ ಟೈರ್ ಬಿಸಿ ಉಳಿದು ಅಭ್ಯಾಸಕ್ಕೆ ಅರ್ಥ ಇರಲ್ಲ. ಒಳಗೆ ಬಂದ ಕೂಡಲೇ ನಾಲ್ಕೂ ಒತ್ತಡ ಬರೆದಿಡಿ. ಲ್ಯಾಪ್ ಸಮಯ ನೋಡಬೇಡಿ. ಮೊದಲ ಪುಷ್‌ನ ಮೊದಲ ಎರಡು ತಿರುವಿನ ಕನಿಷ್ಠ ವೇಗ ಎರಡನೇ ಪುಷ್‌ನದ್ದಕ್ಕೆ ಎಷ್ಟು ಹತ್ತಿರ ಬಂತು ಅನ್ನೋದೊಂದೇ ನೋಡಿ.

ಪಾನಾಪೆಟ್ಟಿಗೆ

ಬರಿಯೋದು ಟೇಪಿನ ಮ್ಯಾಲ ಬ್ಯಾಡ್ರಿ, ವಹಿಯೊಳಗ ಬರೀರಿ. ಟೇಪ್ ಟೈರಿನ ಜೋಡಿ ಕಸಕ್ಕ ಹೋಗ್ತದ.